ಸಂಕೋಚದ ಹುಡುಗಿಗೆ ಮಾಡೆಲ್ ಸ್ಕೌಟ್‌ನಿಂದ ಮೆಸೇಜ್: ಮುಂದೇನು?

ಕುತೂಹಲಿ:
ಅಕ್ಕನ ಮಗಳಿಗೆ 16 ವರ್ಷ, ಎತ್ತರ 176 ಸೆಂ.ಮೀ. ಹೊಸಬರೆದುರು ತಲೆಯೆತ್ತಿ ಮಾತಾಡುವವಳಲ್ಲ. ಗೆಳತಿ ಹಾಕಿದ ಫೋಟೊ ನೋಡಿ ಸ್ಕೌಟ್ (ಮಾಡೆಲಿಂಗ್ ಏಜೆನ್ಸಿಗೆ ಹೊಸಬರನ್ನು ಹುಡುಕುವವರು) ಒಬ್ಬರು ಮೆಸೇಜ್ ಮಾಡಿ 'ಡಿಜಿಟಲ್ಸ್' ಕಳಿಸಿ ಅಂದಿದ್ದಾರೆ. ಏನದು? ಇದು ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ? ಇಷ್ಟು ನಾಚಿಕೆಯವಳಿಗೆ ಈ ಕೆಲಸ ಆಗಿಬರುತ್ತದಾ?

ಷರತ್ತು_ಅನ್ವಯ:
ಮೊದಲು ಆ ಸ್ಕೌಟ್ ಯಾರೆಂದು ಗಟ್ಟಿಯಾಗಲಿ, ಫೋಟೊ ಆಮೇಲೆ. ಅವರೇ ಕೊಟ್ಟ ನಂಬರಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಏಜೆನ್ಸಿಯ ವೆಬ್‌ಸೈಟ್ ನೀವೇ ಹುಡುಕಿ, ಅಲ್ಲಿನ ನಂಬರಿಗೆ ಕೇಳಿ. ನೋಂದಣಿ ಶುಲ್ಕ, ತರಬೇತಿ ಶುಲ್ಕ, 'ನಮ್ಮ ಫೋಟೊಗ್ರಾಫರ್ ಹತ್ತಿರವೇ ಪೋರ್ಟ್‌ಫೋಲಿಯೊ (ಮಾಡೆಲ್‌ನ ಫೋಟೊ ಸಂಗ್ರಹ) ಮಾಡಿಸಿ' ಎಂದರೆ ಅಲ್ಲಿಗೇ ನಿಲ್ಲಿಸಿ. ಏಜೆನ್ಸಿ ದುಡಿಯುವುದು ಕಮಿಷನ್ನಿನಿಂದ, ಸಾಮಾನ್ಯವಾಗಿ ಸಂಭಾವನೆಯ 20% ಆಸುಪಾಸು. ಈ ವಯಸ್ಸಿನವಳ ಒಳಉಡುಪಿನ ಫೋಟೊ ಕೇಳಿದರೆ ಮೆಸೇಜುಗಳನ್ನು ಅಳಿಸದೆ ದೂರು ಕೊಡಿ.

ನೆರಳುಬೆಳಕು:
ಮೇಕಪ್ ಇಲ್ಲದ, ಎಡಿಟ್ ಮಾಡದ ಸಾದಾ ಫೋಟೊಗಳೇ ಡಿಜಿಟಲ್ಸ್. ಫೋನ್ ಸಾಕು. ಖಾಲಿ ಗೋಡೆ, ಮುಖಕ್ಕೆ ಬೀಳುವ ಕಿಟಕಿ ಬೆಳಕು. ಫ್ಲ್ಯಾಶ್, ಬ್ಯೂಟಿ ಮೋಡ್ ಎರಡೂ ಬಂದ್. ಮೈಗೆ ಹೊಂದುವ ಕಪ್ಪು ಟೀ-ಶರ್ಟ್, ಜೀನ್ಸ್. ಕೂದಲು ಒಮ್ಮೆ ಬಿಟ್ಟು, ಒಮ್ಮೆ ಹಿಂದಕ್ಕೆ ಕಟ್ಟಿ. ಮುಖ ನೇರ, ಎರಡೂ ಪಕ್ಕ; ಪೂರ್ತಿ ದೇಹ ಮುಂದೆ, ಪಕ್ಕ, ಹಿಂದೆ.

ಹೆಚ್ಚಿನವರು ಎಡವುವುದು ದೂರದಲ್ಲಿ. ಹತ್ತಿರ ನಿಂತು ತೆಗೆದರೆ ಮೂಗು ದಪ್ಪವಾಗಿ, ಕಿವಿ ಹಿಂದೆ ಸರಿದಂತೆ ಕಾಣುತ್ತದೆ. ಎರಡು-ಮೂರು ಮೀಟರ್ ಹಿಂದೆ ಸರಿದು, ಎರಡು ಪಟ್ಟು ಝೂಮ್ ಇಟ್ಟು ತೆಗೆಯಿರಿ. ಪೂರ್ತಿ ದೇಹಕ್ಕೆ ಫೋನ್ ಸೊಂಟದ ಮಟ್ಟದಲ್ಲಿರಲಿ. ಮೇಲಿಂದ ತೆಗೆದರೆ ಕಾಲು ಗಿಡ್ಡ, ನೆಲದಿಂದ ತೆಗೆದರೆ ಸುಳ್ಳು ಉದ್ದ. ಎತ್ತರ ಬರಿಗಾಲಲ್ಲಿ ಅಳೆಯಿರಿ. ಒಂದೆರಡು ಸೆಂಟಿಮೀಟರ್ ಸೇರಿಸುವ ಚಾಳಿ ಬೇಡ, ಏಜೆನ್ಸಿಗೆ ಹೋದ ದಿನವೇ ಅವರು ಟೇಪ್ ಹಿಡಿಯುತ್ತಾರೆ.

ಹಿಮ್ಮಡಿ:
ನಾಚಿಕೆ ಅಡ್ಡಿಯಲ್ಲ. ಕಾಸ್ಟಿಂಗ್‌ನಲ್ಲಿ, ಅಂದರೆ ಕೆಲಸಕ್ಕೆ ಮಾಡೆಲ್‌ಗಳನ್ನು ಆರಿಸುವಾಗ, ಸಿಗುವುದೇ ಒಂದೆರಡು ನಿಮಿಷ: ಹೆಸರು ಹೇಳಿ, ಫೋಟೊ-ಅಳತೆಗಳಿರುವ ಕಾರ್ಡ್ ಕೊಟ್ಟು, ನಡೆದು ತೋರಿಸುವುದು. (ಟಿವಿ ಜಾಹೀರಾತು ಬೇರೆ, ಅಲ್ಲಿ ನಟನೆ ಬೇಕು.) ತೊಂದರೆ ಕಾಣುವುದು ಮೈಯಲ್ಲಿ. ಭುಜ ಮುಂದಕ್ಕೆ ಬಾಗುತ್ತದೆ, ಕಣ್ಣು ನೆಲಕ್ಕಿಳಿಯುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ. ಗೋಡೆಯ ಮೇಲೆ ಕಣ್ಣಿನ ಮಟ್ಟಕ್ಕೊಂದು ಗುರುತು ಹಾಕಿ, ಅದನ್ನೇ ನೋಡುತ್ತ ಬರಿಗಾಲಲ್ಲಿ ನಡೆಯಲಿ. ತುದಿಯಲ್ಲಿ ಎರಡು ಸೆಕೆಂಡ್ ನಿಂತು ತಿರುಗಲಿ. ಅದು ಕೂಡಿಬಂದ ಮೇಲೆ 8–10 ಸೆಂ.ಮೀ. ಹೀಲ್ಸ್. ಹೀಲ್ಸಿನಿಂದಲೇ ಶುರುಮಾಡಿದರೆ ಮಂಡಿ ಬಾಗಿಸಿ ನಡೆಯುವುದೇ ರೂಢಿಯಾಗುತ್ತದೆ.

ನಿಜವಾಗಿ ಕಷ್ಟವಾಗುವುದು 'ಬೇಡ' ಎನ್ನುವುದು. ಬಟ್ಟೆ ಬದಲಿಸಲು ಮರೆಯಿಲ್ಲದಿದ್ದರೂ ಇಂಥವರು ಸುಮ್ಮನಿರುತ್ತಾರೆ. ಹಾಗಾಗಿ ದೊಡ್ಡವರೊಬ್ಬರು ಜೊತೆಗಿರಲೇಬೇಕು.

ಕುತೂಹಲಿ:
ಎಲ್ಲರಿಗೂ ಥ್ಯಾಂಕ್ಸ್. 16 ವರ್ಷಕ್ಕೆ ಕೆಲಸ ಕೊಡುತ್ತಾರಾ? ಒಪ್ಪಂದದಲ್ಲಿ ಏನು ನೋಡಬೇಕು?

ಷರತ್ತು_ಅನ್ವಯ:
ಬ್ರಿಟನ್ನಿನ ಹೆಸರಾಂತ ಮಾಡೆಲ್ ಕೇಟ್ ಮಾಸ್ 1988ರಲ್ಲಿ ಸ್ಕೌಟ್ ಕಣ್ಣಿಗೆ ಬಿದ್ದಾಗ 14 ವರ್ಷ. ಈಗ ನಿಯಮ ಬಿಗಿ. 2017ರಲ್ಲಿ ಫ್ರಾನ್ಸಿನ ದೊಡ್ಡ ಫ್ಯಾಷನ್ ಕಂಪನಿಗಳಾದ ಎಲ್‌ವಿಎಂಎಚ್ ಮತ್ತು ಕೆರಿಂಗ್ ಮಾಡಿಕೊಂಡ ಸಂಹಿತೆಯಂತೆ, ವಯಸ್ಕರ ಉಡುಪಿನ ಶೋ, ಶೂಟ್‌ಗಳಿಗೆ 16ರೊಳಗಿನವರು ಸಲ್ಲ. 16–18ರವರ ಜೊತೆ ಪೋಷಕರೋ ಪಾಲಕರೋ ಇರಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಕೆಲಸವಿಲ್ಲ. ಕೆರಿಂಗ್ ಆಮೇಲೆ ಕನಿಷ್ಠ ವಯಸ್ಸನ್ನು 18ಕ್ಕೇ ಏರಿಸಿತು. ಹಾಗಾಗಿ ಇನ್ನೆರಡು ವರ್ಷವಾದರೂ ಓದು ಬಿಡಿಸುವ ಅವಸರ ಬೇಡ.

ಒಪ್ಪಂದದಲ್ಲಿ ಅವಧಿ, ತಾನಾಗಿ ನವೀಕರಣವಾಗುವ ಷರತ್ತು, ಯಾವ್ಯಾವ ದೇಶಗಳಿಗೆ ಅನ್ವಯ ಎಂಬುದನ್ನು ನೋಡಿ. ಎಲ್ಲಕ್ಕಿಂತ ಮುಖ್ಯ ಮುಂಗಡ. ಟಿಕೆಟ್, ವಸತಿ, ಟೆಸ್ಟ್ ಶೂಟ್ (ಪೋರ್ಟ್‌ಫೋಲಿಯೊಗಾಗಿ ತೆಗೆಯುವ ಫೋಟೊ) ಖರ್ಚನ್ನು ಏಜೆನ್ಸಿ ಮೊದಲು ಹಾಕಿ, ಆಮೇಲೆ ಸಂಭಾವನೆಯಲ್ಲಿ ಮುರಿದುಕೊಳ್ಳುತ್ತದೆ. ಕೆಲಸ ಸಿಗದಿದ್ದರೆ ಅದು ಸಾಲವಾಗಿ ಉಳಿಯುತ್ತದೆ. ಪ್ರತಿ ಖರ್ಚಿಗೂ ಮೊದಲೇ ಲಿಖಿತ ಒಪ್ಪಿಗೆ, ತಿಂಗಳಿಗೊಮ್ಮೆ ಲೆಕ್ಕ ಎಂದು ಬರೆಸಿಕೊಳ್ಳಿ. ಸಹಿ ಹಾಕುವುದು ಅವಳ ಅಪ್ಪ-ಅಮ್ಮ, ವಕೀಲರಿಗೆ ತೋರಿಸಿದ ಮೇಲೆ.