ಹ್ಯಾನಿಬಲ್ ಕ್ಯಾನೆಯಲ್ಲಿ ಗೆದ್ದದ್ದು ಆನೆಗಳಿಂದಲೇ?

ಪ್ರಶ್ನೆ (ಹಾಸನ): ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಕೆಳಸಾಲಿನ ಆನೆಗಳನ್ನು ಮಗಳಿಗೆ ತೋರಿಸುತ್ತಿದ್ದಾಗ, ಆನೆಗಳೊಂದಿಗೆ ಆಲ್ಪ್ಸ್ ದಾಟಿದ, ಉತ್ತರ ಆಫ್ರಿಕದ ಕಾರ್ತೇಜ್ ರಾಜ್ಯದ ಸೇನಾನಿ ಹ್ಯಾನಿಬಲ್‌ನ ಮಾತು ಬಂತು. ಕ್ರಿ.ಪೂ. 216ರಲ್ಲಿ ಇಟಲಿಯ ಕ್ಯಾನೆಯಲ್ಲಿ ಅವನು ರೋಮನ್ನರನ್ನು ಸೋಲಿಸಿದ್ದು ಆನೆಗಳ ಬಲದಿಂದಲೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಸಕಲೇಶಪುರ): ಇಲ್ಲ ಸರ್, ಕ್ಯಾನೆಯಲ್ಲಿ ಒಂದು ಆನೆಯೂ ಇರಲಿಲ್ಲ. ಆಲ್ಪ್ಸ್‌ಗೂ ಮೊದಲು ಇಂದಿನ ಫ್ರಾನ್ಸಿನ ರೋನ್ ನದಿ ದಾಟಿಸಿದಾಗ 37 ಇದ್ದವು, ಕ್ರಿ.ಪೂ. 218ರ ಡಿಸೆಂಬರಿನಲ್ಲಿ ಟ್ರೆಬಿಯಾ ನದಿಯ ಬಳಿ ಕಾದಾಡಿದ ಮೇಲೆ ಇಟಲಿಯ ಚಳಿಗೆ ಬಹುತೇಕ ಎಲ್ಲವೂ ಸತ್ತವು. ಉಳಿದ ಒಂದರ ಮೇಲೆ ಕುಳಿತು ಜೌಗು ನೆಲ ದಾಟುವಾಗಲೇ ಹ್ಯಾನಿಬಲ್ ಕಣ್ಣುಬೇನೆಯಿಂದ ಒಂದು ಕಣ್ಣು ಕಳೆದುಕೊಂಡನು. ತೋಟಕ್ಕೆ ನುಗ್ಗುವ ಆನೆಗಳನ್ನು ಕಂಡಿರುವ ನಮಗೆ, ಹಿಮದಲ್ಲಿ ಅವುಗಳನ್ನು ನಡೆಸಿದ ಮಾವುತರ ಪಾಡು ಊಹಿಸಲೂ ಕಷ್ಟ.

ಉತ್ತರ (ಬೇಲೂರು): ಕ್ಯಾನೆಯ ಗೆಲುವು ವ್ಯೂಹದ್ದು. ಸುಮಾರು 50,000 ಸೈನಿಕರಿದ್ದ ಹ್ಯಾನಿಬಲ್ ತನ್ನ ನಡುಸಾಲನ್ನು ಬಿಲ್ಲಿನಂತೆ ಮುಂದಕ್ಕೆ ಬಾಗಿಸಿ ನಿಲ್ಲಿಸಿದನು. ಅದನ್ನು ತಳ್ಳುತ್ತ ಒಳಗೆ ಬಂದ ರೋಮನ್ ಕಾಲಾಳುಗಳ ಮೇಲೆ ಎರಡೂ ಪಕ್ಕಗಳಿಂದ ಆಫ್ರಿಕದ ಪಡೆಗಳು ತಿರುಗಿದವು, ಎದುರಾಳಿಯ ಕುದುರೆಪಡೆಯನ್ನು ಮೊದಲೇ ಓಡಿಸಿದ್ದ ಅಶ್ವಾರೋಹಿಗಳು ಹಿಂದಿನಿಂದ ಎರಗಿದರು. ಸಂಖ್ಯೆಯಲ್ಲಿ ಹೆಚ್ಚಿದ್ದ ರೋಮನ್ನರಿಗೆ ಕತ್ತಿ ಬೀಸಲೂ ಜಾಗವಿರಲಿಲ್ಲ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಹಾಗಾದರೆ ಅವನು ಮತ್ತೆ ಆನೆಗಳನ್ನು ಬಳಸಲೇ ಇಲ್ಲವೇ?

ಉತ್ತರ (ಬೇಲೂರು): ಬಳಸಿದನು. ಕ್ರಿ.ಪೂ. 202ರಲ್ಲಿ ಉತ್ತರ ಆಫ್ರಿಕದ ಜಾಮಾದಲ್ಲಿ ಸುಮಾರು 80 ಆನೆಗಳನ್ನು ಮುಂದೆ ನುಗ್ಗಿಸಿದಾಗ, ರೋಮನ್ ಸೇನಾನಿ ಸ್ಕಿಪಿಯೋ ತನ್ನ ಸಾಲುಗಳ ನಡುವೆ ದಾರಿ ಬಿಟ್ಟಿದ್ದರಿಂದ ಹಲವು ಆನೆಗಳು ಹಾನಿ ಮಾಡದೆ ಹಾದುಹೋದವು, ಕಹಳೆಗೆ ಬೆದರಿದ ಕೆಲವು ಕಾರ್ತೇಜಿನವರ ಮೇಲೆಯೇ ತಿರುಗಿಬಿದ್ದವು.