ಪದ ಬೇಕು: ‘ವೆಕ್ಟರ್ ಐಕಾನ್’ ಮತ್ತು ಅದರ ಮರುಬಳಕೆ (ಸಂಜೆಯೊಳಗೆ)

ಎಲ್ಲರಿಗೂ ನಮಸ್ಕಾರ. ಒಂದು ಡೆಸ್ಕ್‌ಟಾಪ್ ತಂತ್ರಾಂಶದ ಸಹಾಯಪುಟವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆ ಕಳಿಸಬೇಕು. ‘ವೆಕ್ಟರ್ ಐಕಾನ್’ಗೆ (ಪಿಕ್ಸೆಲ್ ಚುಕ್ಕಿಗಳ ಬದಲು ಆಕಾರಗಳ ವಿವರಣೆಯಿಂದ ಬಿಡಿಸುವ ಐಕಾನ್) ‘ಸದಿಶ ಚಿಹ್ನೆ’ ಅನ್ನಬಹುದಾ? ಇನ್ನೊಂದು: ಐಕಾನನ್ನು ಒಮ್ಮೆ ಬರೆದಿಟ್ಟು ಟೂಲ್‌ಬಾರ್, ಮೆನು, ಡೈಲಾಗ್ ಎಲ್ಲ ಕಡೆ ತೋರಿಸುತ್ತಾರೆ. ಹಾಗೆ ಕಾಣುವ ಒಂದೊಂದಕ್ಕೂ ‘ಪ್ರತಿ’ ಅಂತ ಹಾಕಿದ್ದೇನೆ. ಸರೀನಾ?

---

‘ಸದಿಶ’ ಬೇಡವೇ ಬೇಡ. ಬಲ, ವೇಗದ ಪಾಠಕ್ಕೆ ಅದು ಸರಿ. ‘ವೆಕ್ಟರ್’ ಲ್ಯಾಟಿನ್ನಿನಲ್ಲಿ ಹೊರುವವನು. ಸಂಸ್ಕೃತದ ‘ವಹ್’, ‘ವಾಹನ’ ಅದರ ನೆಂಟರೇ. ಐಕಾನ್ ಏನನ್ನು ಹೊರುತ್ತದೆ? ಅದರಲ್ಲಿ ಇರುವುದು ಗೆರೆ, ಬಾಗು, ಬಣ್ಣ. ‘ಗೆರೆಗುರುತು’ ಅನ್ನಿ. ‘ಪ್ರತಿ’ಗೆ ‘ಪಡಿಯಚ್ಚು’ ಇದೆ. ನಮ್ಮಲ್ಲೇ ಪದ ಇರುವಾಗ ಎರವಲು ಯಾಕೆ?

---

‘ಪ್ರತಿ’ಯೂ ತಪ್ಪು, ‘ಪಡಿಯಚ್ಚು’ ಕೂಡ ತಪ್ಪು. ಇಲ್ಲಿ ಪ್ರತಿ ಆಗುವುದೇ ಇಲ್ಲ, ಉಳಿತಾಯ ಇರುವುದೇ ಅದರಲ್ಲಿ. ವಿಂಡೋಸ್ ತಂತ್ರಾಂಶಗಳ ಪರದೆ ಕಟ್ಟುವ ಮೈಕ್ರೋಸಾಫ್ಟ್‌ನ ಡಬ್ಲ್ಯೂಪಿಎಫ್ ನೋಡಿ. ಐಕಾನನ್ನು ‘ಡ್ರಾಯಿಂಗ್ ಇಮೇಜ್’ ಆಗಿ ರಿಸೋರ್ಸ್‌ನಲ್ಲಿ (ಎಲ್ಲರೂ ಹಂಚಿಕೊಳ್ಳುವ ಸಂಗ್ರಹದಲ್ಲಿ) ಇಟ್ಟರೆ ಎಷ್ಟು ಬಟನ್ ಇದ್ದರೂ ಅದೇ ಒಂದನ್ನು ನೋಡುತ್ತವೆ. ‘ಫ್ರೀಜ್’ ಮಾಡಿದರೆ ಅದು ಮುಂದೆ ಬದಲಾಗದು, ಬದಲಾವಣೆಗೆ ಕಾಯುವ ಕೆಲಸವೂ ತಪ್ಪುತ್ತದೆ. ಅದನ್ನೇ ‘ಪಾತ್’ ಎಲಿಮೆಂಟ್ (ಪರದೆಯ ಮೇಲೆ ನೇರ ಕೂರುವ ಆಕಾರ) ಆಗಿ ಇಟ್ಟರೆ ಎರಡನೇ ಬಟನ್‌ಗೆ ಹಾಕುವಾಗ ಎರರ್, ಯಾಕಂದ್ರೆ ಒಂದು ಎಲಿಮೆಂಟ್‌ಗೆ ಪೇರೆಂಟ್, ಅಂದರೆ ಅದನ್ನು ಒಳಗಿಟ್ಟುಕೊಂಡ ಭಾಗ, ಒಂದೇ. ಆಗ ‘ಶೇರ್ಡ್’ (ಹಂಚಿಕೆ) ಅನ್ನು ‘ಫಾಲ್ಸ್’ (ಬೇಡ) ಮಾಡಿ, ಬೇಕಾದಾಗಲೆಲ್ಲ ಹೊಸದು ಹುಟ್ಟಿಸುತ್ತಾರೆ. ‘ಪ್ರತಿ’ ಅಂದರೆ ಅದು. ಮೆಮೊರಿ ಜಾಸ್ತಿ ತಿನ್ನುವುದೂ ಅದೇ. ಸಹಾಯಪುಟ ಯಾವುದನ್ನು ಬೇಡ ಅನ್ನುತ್ತದೋ ಅದರ ಹೆಸರನ್ನೇ ಕೊಡಬೇಡಿ.

ವೆಬ್‌ನಲ್ಲಿ ಬಳಸುವ ವೆಕ್ಟರ್ ಚಿತ್ರರೂಪ ಎಸ್‌ವಿಜಿಯಲ್ಲೂ ‘ಸಿಂಬಲ್’ ಒಳಗೆ ಆಕಾರ ಒಮ್ಮೆ ಬರೆದು, ಬೇಕಾದ ಕಡೆ ‘ಯೂಸ್’ ಅಂತ ಕರೆಯುತ್ತೇವೆ. ‘ಮೂಲ ಚಿತ್ರ’, ‘ಬಳಕೆ’ ಸಾಕು.

‘ಗೆರೆಗುರುತು’ ಒಪ್ಪಲ್ಲ. 16 ಪಿಕ್ಸೆಲ್‌ನ ಎಷ್ಟೋ ಐಕಾನ್‌ಗಳಲ್ಲಿ ಗೆರೆಯೇ ಇಲ್ಲ, ತುಂಬಿದ ಆಕಾರ ಅಷ್ಟೇ.

---

ತುಂಬಿದ ಆಕಾರಕ್ಕೂ ಅಂಚು ಬೇಕಲ್ವಾ? ಆ ಅಂಚು ಗೆರೆಯೇ. ‘ಚಿತ್ರ’ ಕೂಡ ಸಂಸ್ಕೃತ. ಇವತ್ತು ‘ವೆಕ್ಟರ್’ ಬಿಟ್ಟುಕೊಂಡರೆ ನಾಳೆ ‘ಬಳಕೆ’ ಹೋಗಿ ‘ಯೂಸ್’ ಬರುತ್ತದೆ.

---

ಬರಲ್ಲ. ‘ಬಳಕೆ’ ಜನರ ಬಾಯಲ್ಲಿದೆ, ‘ಗೆರೆಗುರುತು’ ಇಲ್ಲ. ಓದುವವರು ಮೆನುವಿನಲ್ಲಿ ‘ವೆಕ್ಟರ್’ ಅಂತಲೇ ಹುಡುಕುತ್ತಾರೆ. ಸಿಗದ ಪದ ಕೊಟ್ಟು ಸುಮ್ನೆ ಅವರನ್ನು ಅಲೆಸಬೇಡಿ.

---

‘ವೆಕ್ಟರ್ ಐಕಾನ್’, ‘ಮೂಲ ಚಿತ್ರ’, ‘ಬಳಕೆ’ ಹಾಕಿದೆ. ‘ಐಕಾನ್‌ನ ಪ್ರತಿಗಳು’ ಇದ್ದ ಸಾಲು ಈಗ ಹೀಗಿದೆ: ‘ಮೂಲ ಚಿತ್ರ ಒಂದೇ ಇರಲಿ, ಎಲ್ಲ ಬಟನ್‌ಗಳಲ್ಲೂ ಅದನ್ನೇ ಬಳಸಿ’. ಪದಪಟ್ಟಿಯಲ್ಲಿ ‘ವೆಕ್ಟರ್’ ಪಕ್ಕ ‘ಗೆರೆಗುರುತು’ ಕೂಡ ಸೇರಿಸಿದ್ದೇನೆ.