ಟಗರಿಗೆ ಎಣ್ಣೆ ಕೊಟ್ಟರೆ ಬೇಗ ಕೊಬ್ಬುತ್ತಾ?

ಚಳ್ಳಕೆರೆ ಟಗರು:
ಬಕ್ರೀದ್‌ಗೆ ಅಂತ ನಾಲ್ಕು ಟಗರು ಕಟ್ಟಿ ಮೇಯಿಸುತ್ತಿದ್ದೇನೆ. ಒಂದೊಂದು 30 ಕೆಜಿ ಆಸುಪಾಸು. ತಲಾ 300 ಗ್ರಾಂ ಮೆಕ್ಕೆಜೋಳದ ನುಚ್ಚು, 150 ಗ್ರಾಂ ಗಾಣದ ಶೇಂಗಾ ಹಿಂಡಿ, ಮಿಕ್ಕಿದ್ದು ಒಣ ಶೇಂಗಾ ಬಳ್ಳಿ, ಜೋಳದ ಸೊಪ್ಪೆ. ಸಂತೆಯಲ್ಲಿ ಯಾರೋ ಹೇಳಿದರು ಅಂತ ಈಗ ನುಚ್ಚಿಗೆ 50 ಎಂಎಲ್ ಶೇಂಗಾ ಎಣ್ಣೆ ಕಲಸುತ್ತಿದ್ದೇನೆ. ನುಚ್ಚು ನೆಕ್ಕಿ ಖಾಲಿ ಮಾಡುತ್ತವೆ, ಸೊಪ್ಪೆ ಹಾಗೇ ಬಿದ್ದಿರುತ್ತೆ. ಹಿಕ್ಕೆ ಬಿಡಿಬಿಡಿಯಾಗಿ ಉದುರುತ್ತಿಲ್ಲ, ಅಂಟಂಟು ಮುದ್ದೆ. ಇದು ಎಣ್ಣೆಯಿಂದನಾ, ಜಂತುಹುಳನಾ?

ಹಿರಿಯೂರು ಮಂಜ:
ಜಂತಿನ ಔಷಧಿ ಹಾಕಿಸಿ ಅಣ್ಣ. ಎಣ್ಣೆಯಿಂದ ಏನೂ ಆಗಲ್ಲ. ಕಾಳಗದ ಟಗರಿಗೆಲ್ಲ ಕೊಡ್ತಾರಲ್ಲ.

ಮೇವು ಡಾಕ್ಟ್ರು:
ಮಂಜಣ್ಣ, ಹಿಕ್ಕೆ ಪರೀಕ್ಷೆ ಮಾಡಿಸದೆ ಸುಮ್ನೆ ಔಷಧಿ ಯಾಕೆ? ನನಗೆ ಎಣ್ಣೆ ಮೇಲೇ ಅನುಮಾನ.

ಕುರಿ ತಿಂದ ಎಣ್ಣೆ ಮೊದಲು ಸೇರೋದು ರೂಮೆನ್‌ಗೆ, ಅಂದರೆ ಮೆಲುಕಿನ ದೊಡ್ಡ ಹೊಟ್ಟೆಗೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಒಡೆದು ಕೊಬ್ಬಿನಾಮ್ಲ ಬಿಡಿಸುತ್ತವೆ, ಆಮೇಲೆ ಹೈಡ್ರೋಜನ್ ಸೇರಿಸಿ ಗಟ್ಟಿ ಕೊಬ್ಬು ಮಾಡುತ್ತವೆ. ಮಟನ್ ಸಾರು ಆರಿದ ಕೂಡಲೇ ಕೊಬ್ಬು ತಟ್ಟೆಗೆ ಮೆತ್ತಿಕೊಳ್ಳುತ್ತಲ್ಲ, ಅದಕ್ಕೆ ಇದೂ ಒಂದು ಕಾರಣ. ತೆಳು ಎಣ್ಣೆ ನಾರು ಅರಗಿಸುವ ಬ್ಯಾಕ್ಟೀರಿಯಾಗಳಿಗೆ ವಿಷ. ಸ್ವಲ್ಪ ಇದ್ದರೆ ಗಟ್ಟಿ ಮಾಡಿ ಸುಧಾರಿಸಿಕೊಳ್ಳುತ್ತವೆ. ಒಮ್ಮೆಲೇ ಸುರಿದರೆ ಆಗಲ್ಲ. ನಾರು ಅರಗದಿದ್ದರೆ ಹೊಟ್ಟೆ ಖಾಲಿಯಾಗಲ್ಲ, ಸೊಪ್ಪೆ ಮುಟ್ಟಲ್ಲ. ಮೇಲಿಂದ ನುಚ್ಚು ಬೇರೆ ಹೊಟ್ಟೆಯಲ್ಲಿ ಹುಳಿ ಏರಿಸುತ್ತೆ. ಹುಳಿ ಏರಿದರೆ ಎಣ್ಣೆ ಒಡೆಯುವ ಕೆಲಸವೂ ಕುಂಟುತ್ತೆ.

ನಿಮ್ಮ ಲೆಕ್ಕವನ್ನೇ ನೋಡಿ. ನುಚ್ಚಿನಿಂದ ಸುಮಾರು 12 ಗ್ರಾಂ ಕೊಬ್ಬು, ಗಾಣದ ಹಿಂಡಿಯಿಂದ 10, ಒಣಮೇವಿಂದ ಇನ್ನೊಂದು 10. ಈ ತೂಕದ ಟಗರು ದಿನಕ್ಕೆ ಒಂದು ಕೆಜಿ ಚಿಲ್ಲರೆ ತಿನ್ನುತ್ತೆ. ಅದರಲ್ಲಿ ಕೊಬ್ಬು ನೂರಕ್ಕೆ 5-6 ದಾಟಬಾರದು, ಅಂದರೆ 60 ಗ್ರಾಂ. ನಿಮ್ಮ 50 ಎಂಎಲ್ ಅಂದರೆ 46 ಗ್ರಾಂ. ಒಟ್ಟು 78 ಆಯ್ತಲ್ವಾ!

ಎಣ್ಣೆ ನಿಲ್ಲಿಸಿ. ಬೆಳಗ್ಗೆ ಮೊದಲು ಒಣಮೇವು ಹಾಕಿ, ಆಮೇಲೆ ನುಚ್ಚು, ಅದೂ ಎರಡು ಹೊತ್ತಿಗೆ ಹಂಚಿ. ಹಿಕ್ಕೆ ಸರಿಹೋಗದಿದ್ದರೆ ಪಶು ಆಸ್ಪತ್ರೆಗೆ ಸ್ವಲ್ಪ ತಗೊಂಡು ಹೋಗಿ ತೋರಿಸಿ.

ಚಳ್ಳಕೆರೆ ಟಗರು:
ಸರಿ ಡಾಕ್ಟ್ರೇ. ಅಂಗಡಿಯವರು ಬೈಪಾಸ್ ಫ್ಯಾಟ್ ತಗೊಳ್ಳಿ ಅಂತಿದ್ದಾರೆ?

ಮೇವು ಡಾಕ್ಟ್ರು:
ಅದು ಕ್ಯಾಲ್ಸಿಯಂ ಜೊತೆ ಕಟ್ಟಿದ ಕೊಬ್ಬು. ರೂಮೆನ್‌ನಲ್ಲಿ ಹೆಚ್ಚಾಗಿ ಬಿಡಿಸಿಕೊಳ್ಳಲ್ಲ, ಮುಂದಿನ ಹುಳಿ ಹೊಟ್ಟೆಯಲ್ಲಿ ಬಿಡಿಸಿಕೊಳ್ಳುತ್ತೆ. ಹಾಗಾಗಿ ತೊಂದರೆ ಕಮ್ಮಿ. ಆದರೆ ದುಬಾರಿ, ಜಾಸ್ತಿ ಹಾಲು ಕೊಡುವ ಹಸುಗಳಿಗೆ ಸರಿ. ಅದೇ ದುಡ್ಡಿಗೆ ತೊಗರಿ ಹೊಟ್ಟು ತಗೊಳ್ಳಿ. ಹಾಂ, ಹಿಂಡಿಗೆ ಬೂಷ್ಟು ಬಂದಿದ್ದರೆ ಕೊಡಲೇಬೇಡಿ.